ನೆಗೆಟಿವ್ ಬ್ಲಡ್ ಗ್ರೂಪ್ ಇದ್ದವರು ರಾಜವಂಶದವರೇ? 'ನೀಲಿ ರಕ್ತ'ದ ಅಸಲಿ ಕಥೆ

"ನಿಮ್ಮದು ನೆಗೆಟಿವ್ ಬ್ಲಡ್ ಗ್ರೂಪಾ? ಹಾಗಾದರೆ ನೀವು ಸಾಮಾನ್ಯರಲ್ಲ! ಯುರೋಪಿನ ರಾಜಮನೆತನಗಳ ರಕ್ತ ನಿಮ್ಮ ಮೈಯಲ್ಲಿ ಹರಿಯುತ್ತಿದೆ. ಇದನ್ನೇ ಅವರು ನೀಲಿ ರಕ್ತ ಎನ್ನುತ್ತಿದ್ದರು. ಮುಂಗೈ ತಿರುಗಿಸಿ ನರ ನೋಡಿಕೊಳ್ಳಿ. ನಿಮ್ಮ ಎಲ್ಲ ಗ್ರೂಪ್‌ಗಳಿಗೂ ಕಳಿಸಿ."

ಹಿಂದೆ ಮುಂದೆ ಕಿರೀಟದ ಎಮೋಜಿ ಅಂಟಿಸಿಕೊಂಡು ಇಂಥ ಫಾರ್ವರ್ಡ್‌ಗಳು ವಾಟ್ಸಾಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತಲೇ ಇರುತ್ತವೆ. ಓದಿ ನಕ್ಕು ಬಿಡುವಂಥದ್ದು ಎಂದು ನಾವೂ ಸುಮ್ಮನಿದ್ದೆವು. ಆಮೇಲೆ ಓದುಗರೊಬ್ಬರಿಂದ ಒಂದು ಪ್ರಶ್ನೆ ಬಂತು: "ನನ್ನದು ಬಿ ನೆಗೆಟಿವ್, ನಮ್ಮ ಮನೆಯವರದು ಬಿ ಪಾಸಿಟಿವ್. ಏಳನೇ ತಿಂಗಳಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯಲ್ಲಿ ಈ ಮೆಸೇಜ್ ತೋರಿಸಿ, ನಿನ್ನದು ಶುದ್ಧ ರಾಜರಕ್ತ, ಅದಕ್ಕೆ ಯಾಕೆ ಇಂಜೆಕ್ಷನ್ ಅಂತಾರೆ. ಏನು ಮಾಡಲಿ?"

ಹಾಗಾಗಿ ಮೊದಲು ಅವರ ಪ್ರಶ್ನೆಗೆ ಉತ್ತರ, ಆಮೇಲೆ ರಾಜರ ಕಥೆ.

ಇಂಜೆಕ್ಷನ್ ಬೇಕೇ ಬೇಕು

ಬ್ಲಡ್ ಗ್ರೂಪ್‌ನ ಹಿಂದೆ ಬರುವ 'ಪಾಸಿಟಿವ್', 'ನೆಗೆಟಿವ್' ಎಂಬುದಕ್ಕೂ ಒಳ್ಳೆಯದು, ಕೆಟ್ಟದು ಎಂಬುದಕ್ಕೂ ಸಂಬಂಧವಿಲ್ಲ. ಕೆಂಪು ರಕ್ತಕಣಗಳ ಮೇಲೆ 'ಆರ್‌ಎಚ್ ಡಿ' ಎಂಬ ಒಂದು ಪ್ರೋಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಅಷ್ಟೇ. ಇಲ್ಲದಿರುವುದರಿಂದ ಆ ವ್ಯಕ್ತಿಗೆ ಏನೂ ತೊಂದರೆಯಿಲ್ಲ.

ತೊಂದರೆ ಬರುವುದು ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಇದ್ದಾಗ. ಗರ್ಭದಲ್ಲಿದ್ದಾಗ ಅಥವಾ ಹೆರಿಗೆಯ ಸಮಯದಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಿದರೆ, ತಾಯಿಯ ದೇಹ ಅದನ್ನು ಹೊರಗಿನದ್ದು ಎಂದು ತಿಳಿದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ ಆ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ಒಡೆಯತೊಡಗುತ್ತವೆ. ರಕ್ತಹೀನತೆ, ತೀವ್ರ ಕಾಮಾಲೆ ಬರಬಹುದು, ಕೆಲವೊಮ್ಮೆ ಮಗುವೇ ಉಳಿಯುವುದಿಲ್ಲ. 'ಮೊದಲನೆಯದು ಚೆನ್ನಾಗಿ ಹುಟ್ಟಿತು, ಎರಡನೆಯದು ನಿಲ್ಲಲಿಲ್ಲ' ಎಂದು ಹಿಂದಿನವರು ಹಣೆಬರಹಕ್ಕೆ ಹಾಕಿದ ಕೆಲವು ಪ್ರಕರಣಗಳ ಹಿಂದೆ ಇದೇ ಕಾರಣ ಇದ್ದಿರಬಹುದು.

ಡಾಕ್ಟರ್ ಹೇಳಿದ್ದು 'ಆಂಟಿ-ಡಿ' ಇಂಜೆಕ್ಷನ್. ತಾಯಿಯ ದೇಹ ಪ್ರತಿಕಾಯ ತಯಾರಿಸುವುದನ್ನು ಇದು ಮೊದಲೇ ತಡೆಯುತ್ತದೆ. 1968ರಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ 28ನೇ ವಾರದ ಹೊತ್ತಿಗೆ ಒಮ್ಮೆ, ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಕೊಡುತ್ತಾರೆ. ಗರ್ಭಪಾತವಾದಾಗಲೂ ಬೇಕಾಗಬಹುದು, ಆಗ ಡಾಕ್ಟರನ್ನು ಕೇಳುವುದನ್ನು ಮರೆಯಬೇಡಿ. ಗಂಡ ಹೆಂಡತಿ ಇಬ್ಬರೂ ನೆಗೆಟಿವ್ ಆಗಿದ್ದರೆ ಸಾಮಾನ್ಯವಾಗಿ ಇದರ ಅಗತ್ಯವಿರುವುದಿಲ್ಲ. ಈ ಓದುಗರ ವಿಷಯದಲ್ಲಿ ಅಗತ್ಯ ಇದೆ.

ಇನ್ನು ರಾಜರ ಲೆಕ್ಕ. ಭಾರತದಲ್ಲಿ ನೂರಕ್ಕೆ ಸುಮಾರು ಐದು ಮಂದಿ ನೆಗೆಟಿವ್. ಅಂದರೆ ಹತ್ತಿರ ಹತ್ತಿರ ಏಳು ಕೋಟಿ ಜನ, ಇಡೀ ಕರ್ನಾಟಕದ ಜನಸಂಖ್ಯೆಯಷ್ಟು. ಯುರೋಪ್ ಮೂಲದವರಲ್ಲಿ ಈ ಪ್ರಮಾಣ ನೂರಕ್ಕೆ ಹದಿನೈದರ ಆಸುಪಾಸು. ಅಲ್ಲಿ ಗಾಡಿ ಹೊಡೆಯುವವರೂ ಬಟ್ಟೆ ಒಗೆಯುವವರೂ ನೆಗೆಟಿವ್ ಆಗಿದ್ದರು. ಅಷ್ಟೂ ಜನರಿಗೆ ಅರಮನೆ ಎಲ್ಲಿಂದ ತರುವುದು? ರಾಜರದ್ದೇ ಆದ ಬ್ಲಡ್ ಗ್ರೂಪ್ ಎಂಬುದು ಇಲ್ಲ.

ಹಾಗಾದರೆ ನರ ನೀಲಿ ಕಾಣುವುದೇಕೆ?

ಮುಂಗೈಯಲ್ಲಿ ಕಾಣುವುದು ನರ ಅಲ್ಲ, ರಕ್ತನಾಳ. ಆಡುಮಾತಿನಲ್ಲಿ ಎಲ್ಲರೂ ನರ ಎನ್ನುತ್ತೇವೆ, ಇರಲಿ. ಅದರೊಳಗಿನ ರಕ್ತ ಕೆಂಪೇ. ಆಮ್ಲಜನಕ ಹೆಚ್ಚಿದ್ದರೆ ಗಾಢ ಹೊಳಪಿನ ಕೆಂಪು, ಕಡಿಮೆಯಿದ್ದರೆ ಕಡುಗೆಂಪು. ರಕ್ತ ಪರೀಕ್ಷೆಗೆ ಸಿರಿಂಜ್ ಹಾಕಿದಾಗ ಬರುವುದು ಆ ಕಡುಗೆಂಪು ರಕ್ತವೇ, ನೀವೇ ನೋಡಿರುತ್ತೀರಿ. ಬೆಳಕು ಚರ್ಮದ ಮೇಲೆ ಬಿದ್ದಾಗ ಅದರಲ್ಲಿನ ಕೆಂಪು ಬಣ್ಣ ಆಳಕ್ಕೆ ಇಳಿಯುತ್ತದೆ, ರಕ್ತನಾಳ ಅದನ್ನು ಹೀರಿಕೊಳ್ಳುತ್ತದೆ. ನೀಲಿ ಬಣ್ಣ ಮೇಲ್ಪದರದಲ್ಲೇ ಚದುರಿ ಕಣ್ಣಿಗೆ ವಾಪಸ್ ಬರುತ್ತದೆ. ಸುತ್ತಲಿನ ಚರ್ಮಕ್ಕೆ ಹೋಲಿಸಿದರೆ ಆ ಗೆರೆ ನೀಲಿಯಾಗಿ ತೋರುತ್ತದೆ. ಬಿಳಿ ಚರ್ಮದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ನಿಜವಾಗಿ ನೀಲಿ ರಕ್ತ ಇರುವ ಪ್ರಾಣಿಗಳೂ ಇವೆ. ಆಕ್ಟೋಪಸ್, ಏಡಿ, ಸಿಗಡಿಗಳ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುವ ಪ್ರೋಟೀನ್ ಆಮ್ಲಜನಕವನ್ನು ಹೊರುತ್ತದೆ, ಆಮ್ಲಜನಕ ಸೇರಿದಾಗ ಅದು ನೀಲಿಯಾಗುತ್ತದೆ. ನೀಲಿ ರಕ್ತದವರನ್ನು ಹುಡುಕುವವರು ಅರಮನೆಗಲ್ಲ, ಮೀನು ಮಾರ್ಕೆಟ್‌ಗೆ ಹೋಗಬೇಕು.

ಮಾತು ಬಂದದ್ದು ಸ್ಪೇನಿನಿಂದ

'ನೀಲಿ ರಕ್ತ' ಎಂಬ ನುಡಿಗಟ್ಟಿನ ಮೂಲ ಸ್ಪೇನ್. ಅಲ್ಲಿನ ದೊಡ್ಡ ಭಾಗ ಶತಮಾನಗಳ ಕಾಲ ಅರಬ್ ಮತ್ತು ಉತ್ತರ ಆಫ್ರಿಕಾ ಮೂಲದ ಮುಸ್ಲಿಂ ದೊರೆಗಳ ಆಳ್ವಿಕೆಯಲ್ಲಿತ್ತು. ಅವರ ಕೊನೆಯ ರಾಜ್ಯ ಗ್ರನಾಡ 1492ರಲ್ಲಿ ಬಿತ್ತು. ಕ್ಯಾಸ್ಟೀಲ್ ಪ್ರಾಂತ್ಯದ ಕೆಲವು ಹಳೆಯ ಮನೆತನಗಳು 'ನಮ್ಮಲ್ಲಿ ಮುಸ್ಲಿಮರ, ಯಹೂದಿಗಳ ರಕ್ತ ಬೆರೆತಿಲ್ಲ, ನೋಡಿ ನಮ್ಮ ಚರ್ಮ ಎಷ್ಟು ಬಿಳಿ, ನರ ನೀಲಿಯಾಗಿ ಕಾಣುತ್ತದೆ' ಎಂದು ಹೇಳಿಕೊಳ್ಳುತ್ತಿದ್ದವು. ಬಿಸಿಲಲ್ಲಿ ದುಡಿಯುವ ರೈತನ ಕೈ ಕಪ್ಪಾಗಿರುತ್ತದೆ, ನೆರಳಲ್ಲಿ ಕೂತವನ ಕೈ ಬೆಳ್ಳಗಿರುತ್ತದೆ ಎಂಬುದೂ ಇದರಲ್ಲಿ ಸೇರಿತ್ತು.

ಕೇಳುವುದಕ್ಕೆ ಬರೀ ಜಂಬ. ಆದರೆ ಪರಿಣಾಮ ಘೋರವಾಗಿತ್ತು. 1449ರಲ್ಲಿ ಟೊಲೆಡೊ ನಗರದಲ್ಲಿ ಯಹೂದಿ ಮೂಲದ ಕ್ರೈಸ್ತರು ನಗರದ ಹುದ್ದೆಗಳನ್ನು ಹಿಡಿಯುವಂತಿಲ್ಲ ಎಂಬ ಕಟ್ಟಳೆ ಬಂತು. ಆಮೇಲೆ ಇದೇ 'ರಕ್ತಶುದ್ಧಿ'ಯ ನಿಯಮ ಮಠ, ಕಾಲೇಜು, ಸೈನಿಕ ಸಂಘಗಳಿಗೂ ಹರಡಿತು. ಅಜ್ಜ, ಮುತ್ತಜ್ಜ ಯಾರೆಂದು ಸಾಬೀತುಪಡಿಸದೆ ಎಷ್ಟೋ ಬಾಗಿಲುಗಳು ತೆರೆಯುತ್ತಿರಲಿಲ್ಲ. ಈಗ ಕಿರೀಟದ ಎಮೋಜಿ ಜೊತೆ ಬರುವ 'ಶುದ್ಧ ರಕ್ತ' ಎಂಬ ಪದದ ಹಿಂದೆ ಈ ಇತಿಹಾಸವಿದೆ.

ಅದೇ ಸ್ಪೇನಿನಲ್ಲಿ ಒಬ್ಬ ಮನುಷ್ಯ ಕುಲೀನನೋ ಅಲ್ಲವೋ ಎಂದು ಜಗಳ ಬಂದಾಗ ಕೋರ್ಟಿನಲ್ಲಿ ಏನು ನೋಡುತ್ತಿದ್ದರು ಗೊತ್ತೆ? ತೆರಿಗೆ ಪುಸ್ತಕ!

ಅಲ್ಲಿನ ಕೆಳಹಂತದ ಕುಲೀನರನ್ನು 'ಹಿಡಾಲ್ಗೊ' ಎನ್ನುತ್ತಿದ್ದರು. ಡಾನ್ ಕ್ವಿಕ್ಸೋಟ್ ಕಾದಂಬರಿಯ ನಾಯಕ ಅಂಥ ಒಬ್ಬ ಹಿಡಾಲ್ಗೊ. ಸಾಮಾನ್ಯರು ಕಟ್ಟಬೇಕಾದ ನೇರ ತೆರಿಗೆಯನ್ನು ಇವರು ಕಟ್ಟಬೇಕಿರಲಿಲ್ಲ. ಯಾವುದೋ ಹಳ್ಳಿಯವರು 'ನೀನೂ ತೆರಿಗೆ ಕಟ್ಟು' ಎಂದರೆ ಆತ ವಲ್ಯಾದೊಲಿದ್ ಅಥವಾ ಗ್ರನಾಡದ ಉಚ್ಚ ನ್ಯಾಯಾಲಯಕ್ಕೆ ಹೋಗುತ್ತಿದ್ದ. ತನ್ನ ಅಪ್ಪ, ಅಜ್ಜ ಈ ತೆರಿಗೆ ಕಟ್ಟಿರಲಿಲ್ಲ ಎಂಬುದನ್ನು ಹಳ್ಳಿಯ ದಾಖಲೆಗಳಿಂದ, ಮುದುಕರ ಸಾಕ್ಷಿಯಿಂದ ತೋರಿಸಬೇಕಿತ್ತು. ತೋರಿಸಿದರೆ ಕುಲೀನ. ಬಾಯಲ್ಲಿ ರಕ್ತದ ಮಾತು, ಕೈಯಲ್ಲಿ ಕಂದಾಯದ ಕಾಗದ.

ಕುಲೀನ ವರ್ಗ ಎಂದರೆ ಏನು?

ಇಂಗ್ಲಿಷಿನ 'ಅರಿಸ್ಟಾಕ್ರಸಿ' ಪದ ಗ್ರೀಕ್ ಮೂಲದ್ದು, ಅರ್ಥ 'ಅತ್ಯುತ್ತಮರ ಆಳ್ವಿಕೆ'. ಅರಿಸ್ಟಾಟಲ್ ಇದನ್ನು ಒಂದು ಬಗೆಯ ಸರ್ಕಾರಕ್ಕೆ ಬಳಸಿದ. ಗುಣವಂತರಾದ ಕೆಲವರು ಎಲ್ಲರ ಹಿತಕ್ಕಾಗಿ ಆಳಿದರೆ ಅದು ಅರಿಸ್ಟಾಕ್ರಸಿ, ಕೆಲವು ಹಣವಂತರು ತಮ್ಮ ಹಿತಕ್ಕಾಗಿ ಆಳಿದರೆ ಅದಕ್ಕೆ ಬೇರೆಯೇ ಹೆಸರು. ಕಾಲಕ್ರಮದಲ್ಲಿ ಪದ ಸರ್ಕಾರವನ್ನು ಬಿಟ್ಟು ಒಂದು ವರ್ಗದ ಜನಕ್ಕೆ ಅಂಟಿಕೊಂಡಿತು. 'ಅತ್ಯುತ್ತಮರು' ಎಂಬ ಹೆಸರನ್ನು ಅವರೇ ಇಟ್ಟುಕೊಂಡರು ಎಂಬುದನ್ನು ಗಮನಿಸಿ.

ಕನ್ನಡದಲ್ಲಿ ಇದಕ್ಕೆ 'ಶ್ರೀಮಂತ ವರ್ಗ', 'ಕುಲೀನ ವರ್ಗ' ಎನ್ನುತ್ತೇವೆ. ಎರಡೂ ಸ್ವಲ್ಪ ದಾರಿ ತಪ್ಪಿಸುತ್ತವೆ. ಮೊದಲನೆಯದು ದುಡ್ಡಿನ ಕಡೆ, ಎರಡನೆಯದು ಹುಟ್ಟಿನ ಕಡೆ ಬೆರಳು ತೋರಿಸುತ್ತದೆ. ಯುರೋಪಿನಲ್ಲಿ ಬರೀ ದುಡ್ಡಿದ್ದ ಮಾತ್ರಕ್ಕೆ ವ್ಯಾಪಾರಿ ಕುಲೀನನಾಗುತ್ತಿರಲಿಲ್ಲ. ಪೋಲೆಂಡಿನಲ್ಲಿ ಸ್ವಂತ ಹೊಲವೇ ಇಲ್ಲದ ಸಾವಿರಾರು ಕುಲೀನರಿದ್ದರು, ಆದರೂ ರಾಜನನ್ನು ಆರಿಸುವಾಗ ಮತ ಹಾಕುವ ಹಕ್ಕು ಅವರಿಗಿತ್ತು. ಫ್ರಾನ್ಸಿನಲ್ಲಿ ಇನ್ನೂ ವಿಚಿತ್ರ: ಬಡತನ ಬಂತೆಂದು ಕುಲೀನನೊಬ್ಬ ಅಂಗಡಿ ತೆರೆದು ಚಿಲ್ಲರೆ ವ್ಯಾಪಾರಕ್ಕೆ ಕೂತರೆ ಅವನ ಸ್ಥಾನಮಾನವೇ ಹೋಗಬಹುದಿತ್ತು.

ಹುಟ್ಟಿನ ವಿಷಯಕ್ಕೆ ಬ್ರಿಟನ್ನಿನ ವಿನ್‌ಸ್ಟನ್ ಚರ್ಚಿಲ್ ಒಳ್ಳೆಯ ಉದಾಹರಣೆ. ಅವರ ಅಜ್ಜ ಮಾರ್ಲ್‌ಬರೊದ ಡ್ಯೂಕ್, ಅಂದರೆ ಅಲ್ಲಿನ ಕುಲೀನರಲ್ಲಿ ಅತಿ ಮೇಲಿನ ದರ್ಜೆ. ಚರ್ಚಿಲ್ ಹುಟ್ಟಿದ್ದು 1874ರಲ್ಲಿ, ಆ ಮನೆತನದ ಬ್ಲೆನಿಮ್ ಅರಮನೆಯಲ್ಲೇ. ಆದರೆ ಅವರ ತಂದೆ ಹಿರಿಯ ಮಗ ಆಗಿರಲಿಲ್ಲ. ಪದವಿ, ಅರಮನೆ, ಜಮೀನು ಎಲ್ಲ ದೊಡ್ಡಪ್ಪನಿಗೆ ಹೋಯಿತು. ಕಾನೂನಿನ ಪ್ರಕಾರ ಚರ್ಚಿಲ್ ಸಾಮಾನ್ಯ ಪ್ರಜೆ, ಹಾಗಾಗಿಯೇ ಅವರು ಚುನಾವಣೆಗೆ ನಿಂತು ಕೆಳಮನೆಯಲ್ಲಿ ಕೂತರು. ಒಂದೇ ತಂದೆತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಡ್ಯೂಕ್, ಇನ್ನೊಬ್ಬ ಅಲ್ಲ. ರಕ್ತ ಇಬ್ಬರದೂ ಒಂದೇ ತಾನೆ?

ಅಂದರೆ ಕುಲೀನತೆ ಎಂಬುದು ಕಾನೂನು ಕೊಟ್ಟ ಒಂದು ಸ್ಥಾನ. ತೆರಿಗೆ ವಿನಾಯಿತಿ, ಶಾಸನಸಭೆಯಲ್ಲಿ ಕುರ್ಚಿ, ತನ್ನ ಜಮೀನಿನ ರೈತರಿಂದ ಕಾಣಿಕೆ ಪಡೆಯುವ ಹಕ್ಕು, ಇವೆಲ್ಲ ಅಪ್ಪನಿಂದ ಮಗನಿಗೆ ದಾಟುವ ವ್ಯವಸ್ಥೆ. ಅದರ ಅಡಿಪಾಯ ಭೂಮಿ. 1870ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭೂಮಿ ಯಾರ ಕೈಯಲ್ಲಿದೆ ಎಂದು ಲೆಕ್ಕ ಹಾಕಿಸಿದಾಗ, ಐದರಲ್ಲಿ ನಾಲ್ಕು ಭಾಗ ಸುಮಾರು 7,000 ಮಂದಿಯ ಹೆಸರಿನಲ್ಲಿತ್ತು. ಅಮೆರಿಕದ ಅಗ್ಗದ ಗೋಧಿ ಹಡಗಿನಲ್ಲಿ ಬಂದು ಇಳಿಯತೊಡಗಿದ ಮೇಲೆ ಗೇಣಿಯ ಆದಾಯ ಕುಸಿಯಿತು. 1894ರಲ್ಲಿ ಸತ್ತವರ ಆಸ್ತಿಯ ಮೇಲೆ ಹೊಸ ತೆರಿಗೆ ಬಂತು. 1911ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ವಿಟೋ ಅಧಿಕಾರಕ್ಕೆ ಕತ್ತರಿ ಬಿತ್ತು. 1999ರಲ್ಲಿ ಹುಟ್ಟಿನಿಂದ ಅಲ್ಲಿ ಕೂರುತ್ತಿದ್ದ ನೂರಾರು ಮಂದಿಯಲ್ಲಿ 92 ಮಂದಿಯನ್ನು ಬಿಟ್ಟು ಉಳಿದವರನ್ನು ಹೊರಗೆ ಕಳಿಸಲಾಯಿತು. ಫ್ರಾನ್ಸ್ ಇಷ್ಟು ಕಾಯಲಿಲ್ಲ. 1789ರ ಆಗಸ್ಟ್ 4ರ ಒಂದೇ ರಾತ್ರಿ ಅಲ್ಲಿನ ಸಭೆ ಊಳಿಗಮಾನ್ಯ ಸವಲತ್ತುಗಳನ್ನು ಕೊನೆಗೊಳಿಸುವ ತೀರ್ಮಾನ ಮಾಡಿತು, ಮರುವರ್ಷ ಜೂನ್‌ನಲ್ಲಿ ವಂಶಪಾರಂಪರ್ಯ ಪದವಿಗಳನ್ನೂ ರದ್ದು ಮಾಡಿತು. ಅಷ್ಟಾದರೂ ಯಾರ ರಕ್ತದ ಬಣ್ಣವೂ ಬದಲಾಗಲಿಲ್ಲ.

ಕಾಸು ಕೊಟ್ಟರೆ ಕುಲ

ಕುಲೀನತೆ ಮಾರಾಟಕ್ಕೂ ಇತ್ತು. ಫ್ರಾನ್ಸಿನಲ್ಲಿ 'ರಾಜನ ಕಾರ್ಯದರ್ಶಿ' ಎಂಬ ಹುದ್ದೆಯನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ಕೆಲಸ ಹೆಚ್ಚೇನೂ ಇರಲಿಲ್ಲ. 20 ವರ್ಷ ಆ ಹುದ್ದೆಯಲ್ಲಿದ್ದರೆ, ಇಲ್ಲವೇ ಹುದ್ದೆಯಲ್ಲಿದ್ದಾಗಲೇ ಸತ್ತರೆ, ಮಕ್ಕಳು ಮೊಮ್ಮಕ್ಕಳು ಕುಲೀನರು. ಜನ ಇದನ್ನು ಗೇಲಿ ಮಾಡಿ, ಕೀಳು ಹುಟ್ಟನ್ನು ತೊಳೆಯುವ ಸಾಬೂನು ಎಂಬರ್ಥದ ಅಡ್ಡಹೆಸರಿಟ್ಟಿದ್ದರು. ಇಂಗ್ಲೆಂಡಿನ ಒಂದನೇ ಜೇಮ್ಸ್ 1611ರಲ್ಲಿ 'ಬ್ಯಾರೊನೆಟ್' ಎಂಬ ಹೊಸ ಪದವಿಯನ್ನೇ ಸೃಷ್ಟಿಸಿದ. ಅದರ ಬೆಲೆ 1,095 ಪೌಂಡ್.

ಇವತ್ತಿಗೂ ಆ ಅಂಗಡಿ ಪೂರ್ತಿ ಮುಚ್ಚಿಲ್ಲ. 'ಸ್ಕಾಟ್ಲೆಂಡಿನಲ್ಲಿ ಒಂದು ಚದರಡಿ ಜಾಗ ಕೊಂಡು ಲಾರ್ಡ್ ಆಗಿ, ಹೆಂಡತಿಯನ್ನು ಲೇಡಿ ಮಾಡಿ' ಎಂಬ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ಹುಟ್ಟುಹಬ್ಬದ ಗಿಫ್ಟ್ ಎಂದು ಕೆಲವು ಸಾವಿರ ರೂಪಾಯಿ ಕೊಟ್ಟು ಕೊಳ್ಳುವವರಿದ್ದಾರೆ. ಕೈಗೆ ಬರುವುದು ಚೆಂದದ ಪ್ರಮಾಣಪತ್ರ. ಇಷ್ಟು ಚಿಕ್ಕ 'ನೆನಪಿನ ತುಂಡು'ಗಳನ್ನು ಸ್ಕಾಟ್ಲೆಂಡಿನ ಭೂ ನೋಂದಣಿ ಕಾನೂನು ನೋಂದಾಯಿಸುವುದೇ ಇಲ್ಲ. ಲಾಂಛನ, ಪದವಿಗಳ ವಿಷಯ ನೋಡಿಕೊಳ್ಳುವ ಅಲ್ಲಿನ ಅಧಿಕೃತ ಕಚೇರಿಯೂ ಇಂಥ ತುಂಡು ಕೊಂಡವರನ್ನು ಜಮೀನ್ದಾರ ಎಂಬರ್ಥದ ಹೆಸರಿನಿಂದ ಕರೆಯುವುದು ಸರಿಯಲ್ಲ ಎಂದು ಹೇಳಿದೆ. ತಮಾಷೆಗೆ ಕೊಂಡರೆ ಸರಿ. ಪಾಸ್‌ಪೋರ್ಟಿನಲ್ಲಿ ಹಾಕಿಸಬಹುದು, ವೀಸಾ ಸುಲಭವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ನಮ್ಮ 'ಸರ್' ಎಂ. ವಿಶ್ವೇಶ್ವರಯ್ಯ? ಕಮೆಂಟ್‌ಗಳಲ್ಲಿ ಇದನ್ನು ಕೇಳುವವರು ಇದ್ದೇ ಇರುತ್ತಾರೆ. 1915ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೊಟ್ಟದ್ದು ನೈಟ್ ಪದವಿ. ಅದು ಪಡೆದವರ ಜೀವಿತಾವಧಿಗೆ ಮಾತ್ರ, ಮಕ್ಕಳಿಗೆ ದಾಟುವುದಿಲ್ಲ, ಅದರಿಂದ ಯಾರೂ ಲಾರ್ಡ್ ಆಗುವುದಿಲ್ಲ. ವಂಶಪಾರಂಪರ್ಯ ಲಾರ್ಡ್ ಪದವಿ ಸಿಕ್ಕಿದ್ದು ಬಂಗಾಳದ ವಕೀಲ ಸತ್ಯೇಂದ್ರ ಪ್ರಸನ್ನ ಸಿನ್ಹಾ ಅವರಿಗೆ, 1919ರಲ್ಲಿ. ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೂತ ಮೊದಲ ಭಾರತೀಯ ಅವರು.

ನಮ್ಮಲ್ಲೂ ಇದ್ದದ್ದು ಕಾಗದವೇ

ದೇಸಾಯಿ, ದೇಶಪಾಂಡೆ, ಇನಾಮದಾರ, ಜಾಗೀರದಾರ. ಉತ್ತರ ಕರ್ನಾಟಕದಲ್ಲಿ ಇವು ಈಗ ಬರೀ ಅಡ್ಡಹೆಸರುಗಳು. ಒಂದು ಕಾಲದಲ್ಲಿ ಇವು ಕಂದಾಯ ವಸೂಲಿಯ ಹುದ್ದೆಗಳು, ಅಥವಾ ದೊರೆ ಕೊಟ್ಟ ಭೂಮಿಯ ಹಕ್ಕುಗಳು. ಯುರೋಪಿನ ಡ್ಯೂಕ್, ಕೌಂಟ್‌ಗಳಿಗೆ ಇವು ಸರಿಸಮಾನವಲ್ಲ. ಜಾತಿಯ ಲೆಕ್ಕವೂ ಸೇರಿಕೊಂಡಿದ್ದರಿಂದ ನಮ್ಮ ಕಥೆ ಇನ್ನಷ್ಟು ಸಿಕ್ಕುಸಿಕ್ಕು. ಆದರೆ ಭೂಮಿ, ತೆರಿಗೆ ರಿಯಾಯಿತಿ, ತಂದೆಯಿಂದ ಮಗನಿಗೆ ದಾಟುವ ಹಕ್ಕು ಎಂಬ ಲೆಕ್ಕ ಇಲ್ಲೂ ಅದೇ. ಅದು ಕಾನೂನಿನಿಂದ ಬಂದಿದ್ದರಿಂದ ಕಾನೂನಿನಿಂದಲೇ ಹೋಯಿತು. ಸಂವಿಧಾನದ 18ನೇ ವಿಧಿ, ಸರ್ಕಾರ ಬಿರುದುಗಳನ್ನು ಕೊಡುವಂತಿಲ್ಲ ಎಂದಿತು. ಮೈಸೂರಿನಲ್ಲಿ 1954ರ ಕಾಯ್ದೆ ಇನಾಂಗಳನ್ನು ತೆಗೆಯಿತು. 1961ರ ಕಾಯ್ದೆ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ತೆಗೆಯಿತು. 1971ರ 26ನೇ ತಿದ್ದುಪಡಿ ಮಾಜಿ ಮಹಾರಾಜರ ಮಾನ್ಯತೆ ಮತ್ತು ರಾಜಧನವನ್ನು ರದ್ದು ಮಾಡಿತು. ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ನಿಗದಿಯಾಗಿತ್ತು.

ಇನ್ನು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ. ಗೇಣಿದಾರರನ್ನು ಹೊಲದೊಡೆಯರನ್ನಾಗಿ ಮಾಡಿದ ಈ ಬದಲಾವಣೆಯ ಮುಂಚೂಣಿಯಲ್ಲಿದ್ದ ಮುಖ್ಯಮಂತ್ರಿ ದೇವರಾಜ ಅರಸು. ಮೈಸೂರು ಅರಮನೆಯೊಂದಿಗೆ ನಂಟಿದ್ದ ಅರಸು ಸಮುದಾಯದವರೇ ಅವರು! ಯಾವ ಬ್ಲಡ್ ಗ್ರೂಪ್ ಚಾರ್ಟಿನಿಂದಲೂ ಇದನ್ನು ಊಹಿಸಲು ಆಗುತ್ತಿರಲಿಲ್ಲ.

'ಶುದ್ಧ ರಕ್ತ'ಕ್ಕೆ ಕಟ್ಟಿದ ಬೆಲೆ

ಆಸ್ತಿ, ರಾಜ್ಯ ಕೈ ತಪ್ಪಬಾರದು ಎಂದು ಯುರೋಪಿನ ರಾಜಮನೆತನಗಳು ತಮ್ಮತಮ್ಮಲ್ಲೇ ಮದುವೆ ಮಾಡಿಕೊಂಡವು. ಸ್ಪೇನಿನ ನಾಲ್ಕನೇ ಫಿಲಿಪ್ ತನ್ನ ಸ್ವಂತ ತಂಗಿಯ ಮಗಳು ಮರಿಯಾನಾಳನ್ನು ಮದುವೆಯಾದ. ನಮ್ಮ ಲೆಕ್ಕದಲ್ಲಿ ಸೋದರಮಾವ. ಹಿಂದಿನ ತಲೆಮಾರುಗಳಲ್ಲೂ ಇಂಥ ಮದುವೆಗಳೇ ಇದ್ದವು. 1661ರಲ್ಲಿ ಹುಟ್ಟಿದ ಅವರ ಮಗ ಎರಡನೇ ಚಾರ್ಲ್ಸ್ ಬಾಲ್ಯದಿಂದಲೂ ರೋಗಿಷ್ಠ. ಎರಡು ಮದುವೆಯಾದರೂ ಮಕ್ಕಳಾಗಲಿಲ್ಲ, 38ನೇ ವಯಸ್ಸಿನಲ್ಲಿ ತೀರಿಕೊಂಡ. ವಾರಸುದಾರರಿಲ್ಲದ ಸಿಂಹಾಸನಕ್ಕಾಗಿ ಯುರೋಪಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಯುದ್ಧ ನಡೆಯಿತು. 2009ರಲ್ಲಿ ಸ್ಪೇನಿನ ವಿಜ್ಞಾನಿಗಳು ಆ ವಂಶವೃಕ್ಷದ ಲೆಕ್ಕ ಹಾಕಿದಾಗ, ಚಾರ್ಲ್ಸ್‌ನ ಒಳಸಂಬಂಧದ ಪ್ರಮಾಣ 0.254 ಬಂತು. ಒಡಹುಟ್ಟಿದ ಅಣ್ಣ-ತಂಗಿಗೆ ಹುಟ್ಟುವ ಮಗುವಿನಲ್ಲಿ ಅದು 0.25 ಇರುತ್ತದೆ.

ಸೋದರಮಾವನ ಮದುವೆ ಕರ್ನಾಟಕಕ್ಕೆ ಹೊಸದೇನಲ್ಲ. ಇಲ್ಲೂ 'ಆಸ್ತಿ ಮನೆಯಲ್ಲೇ ಉಳಿಯಲಿ' ಎಂಬ ಮಾತಿದೆ. ಒಂದು ತಲೆಮಾರಿನ ಇಂಥ ಮದುವೆಯಲ್ಲಿ ಆ ಪ್ರಮಾಣ 0.125. ಅಂಥವರ ಮಕ್ಕಳೆಲ್ಲ ರೋಗಿಷ್ಠರಾಗುತ್ತಾರೆ ಎಂದಲ್ಲ, ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಎರಡೂ ಕಡೆಯಿಂದ ಒಂದೇ ದೋಷದ ಜೀನ್ ಬರುವ ಸಾಧ್ಯತೆ ಹೆಚ್ಚುತ್ತದೆ. ತಲೆಮಾರಿನಿಂದ ತಲೆಮಾರಿಗೆ ಮುಂದುವರಿದರೆ ಇನ್ನೂ ಹೆಚ್ಚುತ್ತದೆ. ಈಗಾಗಲೇ ಮದುವೆಯಾಗಿದ್ದರೆ ಹೆದರಬೇಕಿಲ್ಲ, ಮಗುವಿಗೆ ಯೋಜನೆ ಮಾಡುವಾಗ ಡಾಕ್ಟರಿಗೆ ಸಂಬಂಧವನ್ನು ಮುಚ್ಚಿಡದೆ ಹೇಳಿ. ಬೇಕಿದ್ದರೆ ಅವರು ಜೆನೆಟಿಕ್ ಕೌನ್ಸೆಲಿಂಗ್‌ಗೆ ಕಳಿಸುತ್ತಾರೆ.

'ನಮ್ಮ ಪೂರ್ವಜರು ರಾಜರಾಗಿದ್ದರಂತೆ' ಎನ್ನುವವರಿಗೆ ಒಂದು ಸಣ್ಣ ಗಣಿತ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಹತ್ತು ತಲೆಮಾರು ಹಿಂದೆ ಹೋದರೆ 1,024, ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ನಮ್ಮಲ್ಲಿ ಜಾತಿಯೊಳಗೇ, ಸಂಬಂಧದೊಳಗೇ ಮದುವೆಯಾದ್ದರಿಂದ ಒಬ್ಬರೇ ಹಲವು ಸಲ ಲೆಕ್ಕಕ್ಕೆ ಬರುತ್ತಾರೆ, ಹಾಗಾಗಿ ನಿಜವಾದ ಸಂಖ್ಯೆ ಕಡಿಮೆ. ಆದರೂ ಆ ಗುಂಪಿನಲ್ಲಿ ಒಬ್ಬ ಪಾಳೆಗಾರ ಇದ್ದರೆ ಆಶ್ಚರ್ಯವಿಲ್ಲ. ಅವನ ಕುದುರೆಗೆ ಹುಲ್ಲು ಹಾಕಿದವನೂ ಇದ್ದಿರಬಹುದು.

ನೆಗೆಟಿವ್ ಗ್ರೂಪಿನವರು ನಿಜಕ್ಕೂ ವಿಶೇಷವಾಗುವ ಜಾಗ ಒಂದಿದೆ: ಬ್ಲಡ್ ಬ್ಯಾಂಕ್. ಸಂಖ್ಯೆ ಕಡಿಮೆ ಇರುವುದರಿಂದ ಈ ರಕ್ತಕ್ಕೆ ಆಗಾಗ ಅಭಾವ. ಗ್ರೂಪ್ ಪರೀಕ್ಷೆಗೂ ಸಮಯವಿಲ್ಲದ ತುರ್ತಿನಲ್ಲಿ ಮೊದಲು ಹುಡುಕುವುದು ಓ ನೆಗೆಟಿವ್ ರಕ್ತವನ್ನೇ. ನಿಮ್ಮದು ನೆಗೆಟಿವ್ ಆಗಿದ್ದು ವಯಸ್ಸು 18 ದಾಟಿದ್ದರೆ ಹತ್ತಿರದ ಬ್ಲಡ್ ಬ್ಯಾಂಕ್‌ನಲ್ಲಿ ಹೆಸರು ಕೊಟ್ಟಿರಿ. ಮನೆಯಲ್ಲಿ ನೆಗೆಟಿವ್ ಗರ್ಭಿಣಿ ಇದ್ದರೆ ಆಂಟಿ-ಡಿ ತಾರೀಖನ್ನು ತಾಯಿ ಕಾರ್ಡಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.